ಏಳನೆಯ ಬೋರ್ಡು, ಎಂಟನೆಯ ಬೋರ್ಡು

ನಮ್ಮ ಅತ್ತೆ ಫೋನ್ ಎತ್ತುವ ರೀತಿ ಕಂಡು ಹೊಸಬರು ನಗುತ್ತಾರೆ. ಮೊಬೈಲು ಸದ್ದು ಮಾಡಿದ್ದೇ ತಡ, ಎಲ್ಲಿದ್ದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಕೇಳುತ್ತಾರೆ: "ಹೇಳಿ, ಯಾರು ಬೇಕಿತ್ತು?" ಕರೆ ಮಾಡಿದ್ದು ಸ್ವಂತ ಮಗನೇ ಆದರೂ ಅದೇ ಪ್ರಶ್ನೆ. "ನೀನೇ ಬೇಕಿತ್ತು ಕಣಮ್ಮ, ನಿನ್ನ ಫೋನಿಗೆ ಮಾಡಿ ಇನ್ಯಾರನ್ನ ಕೇಳಲಿ?" ಎಂದು ನನ್ನ ಗಂಡ ಎಷ್ಟು ಸಲ ಹೇಳಿದರೂ ಪ್ರಯೋಜನವಾಗಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಬಾಯಿಗೆ ಹತ್ತಿದ ಮಾತು, ಎಪ್ಪತ್ತಾರಕ್ಕೆ ಬಿಡು ಎಂದರೆ ಎಲ್ಲಿ ಬಿಡುತ್ತದೆ?

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಗ ಒಂದು ಊರಿಂದ ಇನ್ನೊಂದು ಊರಿಗೆ ಮಾತಾಡಬೇಕಾದರೆ ನಡುವೆ ಒಬ್ಬರು ಕೂತು ವೈರು ಜೋಡಿಸಿಕೊಡಬೇಕಿತ್ತು. ಮೊದಲ ಮಹಡಿಯಲ್ಲಿ ಉದ್ದನೆಯ ಕೋಣೆ, ಧೂಳು ಬಾರದಿರಲೆಂದು ಸದಾ ಮುಚ್ಚಿದ ಕಿಟಕಿಗಳು, ಗೋಡೆಗುಂಟ ಹದಿನಾಲ್ಕು ಬೋರ್ಡುಗಳು, ಒಂದೊಂದರ ಮುಂದೆ ಕಾಲು ನೆಲಕ್ಕೆ ತಾಕದಷ್ಟು ಎತ್ತರದ ಸ್ಟೂಲು. ಬೋರ್ಡಿನ ಮೈತುಂಬ ತೂತುಗಳು. ಪುಟ್ಟ ದೀಪ ಹೊತ್ತಿಕೊಂಡ ತೂತಿಗೆ ಒಂದು ವೈರು ಚುಚ್ಚಿ "ಯಾರು ಬೇಕಿತ್ತು?" ಎಂದು ಕೇಳಬೇಕು. ಅದರ ಜೋಡಿ ವೈರನ್ನು ಬೇಕಾದ ನಂಬರಿನ ತೂತಿಗೆ ಚುಚ್ಚಬೇಕು. ಇಬ್ಬರ ದನಿಯೂ ಸರಿಯಾಗಿ ದಾಟುತ್ತಿದೆಯೇ ಎಂದು ಒಂದು ಕ್ಷಣ ಕೇಳಿ ಸ್ವಿಚ್ಚು ಎಳೆದು ಲೈನಿನಿಂದ ಹೊರಗೆ ಬಂದುಬಿಡಬೇಕು. ಕಿವಿಗೆ ಬಿದ್ದದ್ದನ್ನು ಅಲ್ಲೇ ಮರೆಯಬೇಕು. ಕೆಲಸಕ್ಕೆ ಸೇರುವ ದಿನ ಹಾಗೆಂದು ಸಹಿ ಮಾಡಿಸಿಕೊಳ್ಳುತ್ತಿದ್ದರು. ಹೊರಗೆ ಬಾಯಿಬಿಟ್ಟರೆ ಕೆಲಸ ಹೋಯಿತೆಂದೇ ಲೆಕ್ಕ.

ಆ ಗದ್ದಲದಲ್ಲಿ ಹೆಸರು ಹಿಡಿದು ಕರೆಯುವುದಕ್ಕೆ ಪುರುಸೊತ್ತಿಲ್ಲ. ಬೋರ್ಡಿನ ನಂಬರೇ ಹೆಸರು. ಅತ್ತೆಯದು ಏಳು. ಮೇಲ್ವಿಚಾರಣೆಗಿದ್ದ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವರು ಹಿಂದಿನಿಂದ "ಏಳು!" ಎಂದು ಗದರಿದಾಗಲೆಲ್ಲ ಅತ್ತೆ ದಡಬಡಿಸಿ ಎದ್ದು ನಿಲ್ಲುತ್ತಿದ್ದರಂತೆ. "ಏಳು ಅಂದ್ರೆ ಏಳೋದಲ್ಲ ಕಣೇ, ನೀನೇ ಏಳು, ಕೂತ್ಕೋ!" ಎಂದು ದೊಡ್ಡಕ್ಕ ತಲೆ ಚಚ್ಚಿಕೊಳ್ಳುವರು. ಮೊದಲ ತಿಂಗಳು ಆ ಕೋಣೆಗೆ ಇದೊಂದು ಮನರಂಜನೆ.

ಮೂರು ತಿಂಗಳಾದ ಮೇಲೆ ಪಕ್ಕದ ಬೋರ್ಡಿಗೆ ಹೊಸ ಹುಡುಗಿ ಬಂದಳು. ಮೊಣಕಾಲಿಗೆ ಮುಟ್ಟುವ ಜಡೆ. ಕೆಲಸ ಮುಗಿದ ವೈರನ್ನು ಕಿತ್ತರೆ ಕೆಳಗಿನ ಭಾರ ಅದನ್ನು ಸರ್ರನೆ ಒಳಗೆ ಎಳೆದುಕೊಳ್ಳುತ್ತಿತ್ತು. ಮೊದಲ ದಿನವೇ ವೈರಿನ ಜೊತೆ ಜಡೆಯೂ ಸಿಕ್ಕಿಕೊಂಡು ಹುಡುಗಿಯ ತಲೆ ಬೋರ್ಡಿಗೆ ಅಂಟಿಕೊಂಡಿತು. ಅವಳ ಕಿವಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಯಾರೋ ಬಟ್ಟೆ ವ್ಯಾಪಾರಿ "ಹಲೋ, ಹಲೋ" ಎಂದು ಬಡಿದುಕೊಳ್ಳುತ್ತಿದ್ದಾನೆ. ಅತ್ತೆ ಎಡಗೈಯಲ್ಲಿ ಅವಳ ಜಡೆ ಬಿಡಿಸುತ್ತ, ಬಲಗೈಯಲ್ಲಿ ತಮ್ಮ ಬೋರ್ಡಿನ ವೈರು ಚುಚ್ಚುತ್ತ, ಮಧ್ಯೆ ಅವಳ ಮೈಕಿಗೆ ಬಗ್ಗಿ ವ್ಯಾಪಾರಿಗೂ "ಒಂದು ನಿಮಿಷ, ಲೈನ್ ಸಿಕ್ಕು ಬಿದ್ದಿದೆ" ಎಂದು ಉತ್ತರ ಕೊಟ್ಟರು. ದೊಡ್ಡಕ್ಕ ಬರುವಷ್ಟರಲ್ಲಿ ಇಬ್ಬರೂ ಬೋರ್ಡಿನ ಮರೆಗೆ ಮುಖ ಬಗ್ಗಿಸಿ, ಉಸಿರು ಕಟ್ಟುವಷ್ಟು ನಗುತ್ತಿದ್ದರು.

ಅಲ್ಲಿಂದ ಅವರು ಜೋಡಿಯಾದರು. ಒಬ್ಬಳು ಏಳು, ಇನ್ನೊಬ್ಬಳು ಎಂಟು. ಉಳಿದವರು ಸೇರಿಸಿ 'ಏಳೆಂಟು' ಎಂದೇ ಕರೆದರು. "ಏಳೆಂಟು ಬಂದ್ರಾ?" ಎಂದು ದೊಡ್ಡಕ್ಕ ಕೇಳಿದರೆ ಹೊಸ ಜವಾನ "ಏಳೆಂಟಲ್ಲಮ್ಮ, ಇಬ್ಬರೇ ಬಂದಿರೋದು" ಎಂದನಂತೆ. ಒಂದೇ ಪಾಳಿ ಬರುವಂತೆ ಹಟ ಹಿಡಿದು ಬರೆಸಿಕೊಳ್ಳುತ್ತಿದ್ದರು. ಬೆಳಗ್ಗೆ ಒಂದೇ ಬಸ್ಸು, ಮಧ್ಯಾಹ್ನ ಇಬ್ಬರ ಡಬ್ಬಿಯೂ ಮಧ್ಯದಲ್ಲಿ, ಮಳೆ ಬಂದರೆ ಒಂದೇ ಛತ್ರಿ. ದನಿ ಕೇಳಿ ಮುಖ ಊಹಿಸುವುದು ಅವರ ಆಟ. ಮರದ ಅಡ್ಡೆಯ ಮಾಲೀಕನೊಬ್ಬನ ದನಿ ಗುಡುಗಿನಂತಿತ್ತು. ಆರಡಿ ಆಳು, ಗಿರಿಜಾ ಮೀಸೆ ಎಂದು ಅತ್ತೆ. ಮೀಸೆ ಇಲ್ಲ, ಬೋಳುತಲೆ ಎಂದು ಎಂಟು. ರಜೆಯ ದಿನ ಹುಡುಕಿಕೊಂಡು ಹೋಗಿ ನೋಡಿದರೆ, ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತ ಒಂದು ಹಿಡಿ ಮನುಷ್ಯ! ಏನು ಬೇಕೆಂದು ಗುಡುಗಿದ್ದಕ್ಕೆ ಇಬ್ಬರೂ ಒಂದು ಲಟ್ಟಣಿಗೆ ಮಾಡಿಕೊಡಿ ಎಂದು ಹೇಳಿ ಓಡಿಬಂದರಂತೆ.

ಹೀಗೆ ಐದು ವರ್ಷ ಕಳೆಯಿತು. ಎಂಟಿಗೆ ಮದುವೆ ಗೊತ್ತಾಯಿತು. ಹುಡುಗ ಬೇರೆ ಊರಿನವನು, ಗಿರಣಿಯೊಂದರ ಆಫೀಸಿನಲ್ಲಿ ಗುಮಾಸ್ತ, ಮಾತು ಬೆಣ್ಣೆ. ವಾರಕ್ಕೊಮ್ಮೆ ಅವನ ಕರೆ ಬರುತ್ತಿತ್ತು. ಅತ್ತೆಯೇ ಜೋಡಿಸಿಕೊಟ್ಟು, "ನಿನ್ನ ಬೆಣ್ಣೆ ಬಂತು, ಕರಗೋ ಮೊದಲು ತಗೋ" ಎಂದು ಕಣ್ಣು ಹೊಡೆಯುತ್ತಿದ್ದರು. ಅತ್ತೆಗೂ ಅದರ ಹಿಂದಿನ ವರ್ಷ ಒಂದು ಸಂಬಂಧ ಬಂದು, ಮಾತು ಮುರಿದಿತ್ತು. ಆ ನೋವನ್ನು ಮರೆತು ಗೆಳತಿಯ ಮದುವೆಗೆ ಓಡಾಡಿದರು.

ಮದುವೆಗೆ ಹನ್ನೊಂದು ದಿನವಿತ್ತು. ಎಂಟು ರಜೆ ಹಾಕಿ ಮನೆಯಲ್ಲಿದ್ದಳು. ಸೋಮವಾರ ಮಧ್ಯಾಹ್ನ ಅತ್ತೆಯ ಬೋರ್ಡಿಗೆ ಗಿರಣಿಯ ಊರಿನಿಂದ ಮತ್ತೊಂದು ಊರಿಗೆ ಕರೆ ಬಂತು. ಆ ಎರಡು ಊರಿಗೂ ನೇರ ಲೈನಿಲ್ಲ, ಇಲ್ಲಿಂದಲೇ ದಾಟಿಸಬೇಕು. ಅತ್ತೆ ಜೋಡಿಸಿದರು. ಲೈನು ಕರಕರ ಎನ್ನುತ್ತಿತ್ತು, ಹಾಗಾಗಿ ಸ್ವಿಚ್ಚು ಎಳೆಯದೆ ಇನ್ನಷ್ಟು ಹೊತ್ತು ಕೇಳಬೇಕಾಯಿತು. ಬೆಣ್ಣೆಯ ದನಿ. ಆಚೆ ಒಬ್ಬ ಹೆಂಗಸು.

"ಮಗೂಗೆ ಜ್ವರ ಬಿಟ್ಟಿತಾ?"

"ಬಿಟ್ಟಿದೆ. ಅಪ್ಪ ಎಲ್ಲಿ ಅಂತ ಒಂದೇ ಸಮ ಕೇಳ್ತಿದೆ."

"ಇನ್ನು ಹದಿನೈದು ದಿನ ತಡಿ. ಇದು ಮನೆಯವರ ಬಲವಂತಕ್ಕೆ ಆಗ್ತಿರೋ ಮದುವೆ ಅಂತ ಹೇಳಿದೀನಲ್ಲ. ಮದುವೆಯಾದ್ರೂ ನಾನು ಅಲ್ಲಿಗೆ ಬರೋದು ತಪ್ಪಲ್ಲ. ನೀನೇ ಮೊದಲನೆಯವಳು."

ಅತ್ತೆ ಸ್ವಿಚ್ಚು ಎಳೆದರು. ಮುಂದಿನ ದೀಪ ಹೊತ್ತಿಕೊಂಡಿತ್ತು. "ಯಾರು ಬೇಕಿತ್ತು?" ಎಂದು ಕೇಳಿದರಂತೆ, ತಮ್ಮ ದನಿ ತಮ್ಮದೇ ಎಂದು ಅನ್ನಿಸಲಿಲ್ಲವಂತೆ.

ಸೋಮವಾರ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಸಹಿ ಮಾಡಿದ ಕಾಗದ ಒಂದು ಕಡೆ. ತಪ್ಪಾಗಿ ಕೇಳಿಸಿಕೊಂಡಿದ್ದರೆ ಒಂದು ಹುಡುಗಿಯ ಬಾಳು ಹಾಳಾದೀತೆಂಬ ಹೆದರಿಕೆ ಇನ್ನೊಂದು ಕಡೆ. ಬುಧವಾರ ತಡೆಯಲಾರದೆ ಎಂಟಿನ ಮನೆಗೆ ಹೋದರು. ಮನೆ ತುಂಬ ಜನ, ಹಾಸಿಗೆಗೆ ಹತ್ತಿ ತುಂಬುವವರು, ಅಳತೆ ಪಟ್ಟಿ ಹಿಡಿದ ದರ್ಜಿ. ಗೆಳತಿಯ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋಗಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು.

ಎಂಟು ಕೇಳಿದಳು, "ಯಾವತ್ತು ಕೇಳಿಸ್ಕೊಂಡೆ?"

"ಸೋಮವಾರ."

ಎಂಟಿನ ಮುಖ ಬಿಳಿಚಿತು. "ನಿನಗೆ ಹೊಟ್ಟೆಕಿಚ್ಚು" ಎಂದಳು. "ನಿನಗಾಗಲಿಲ್ಲ, ನನಗಾಗ್ತಿದೆ ಅಂತ ಹೊಟ್ಟೆಕಿಚ್ಚು. ಕೆಳಗಿಳಿ."

ಅತ್ತೆ ಇಳಿದು ಬಂದರು. ಆದರೆ ಎಂಟು ಆ ಮಾತನ್ನು ಮನೆಯವರಿಂದ ಮುಚ್ಚಿಡಲಿಲ್ಲ. ಅವಳ ಅಣ್ಣ ಮರುದಿನವೇ ಹೋಗಿ ವಿಚಾರಿಸಿದ. ಬಾಡಿಗೆ ಮನೆ, ಹೆಂಗಸು, ಮೂರು ವರ್ಷದ ಮಗು, ಎಲ್ಲ ನಿಜವಾಗಿತ್ತು. ಮದುವೆ ನಿಂತಿತು. ಹುಡುಗನ ಕಡೆಯವರು ಸುಮ್ಮನಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಯಾರೋ ಕದ್ದು ಕೇಳಿದ್ದಾರೆಂದು ದೂರು ಕೊಟ್ಟರು. ದೊಡ್ಡ ಅಧಿಕಾರಿ ಬಂದು ವಿಚಾರಣೆಗೆ ಕೂತರು. ಪ್ರತಿ ಕರೆಗೂ ಬರೆದಿಡುವ ಚೀಟಿ ತೆಗೆದು ನೋಡಿದರೆ ಆ ಕರೆ ಏಳನೆಯ ಬೋರ್ಡಿನದು. ಅಧಿಕಾರಿ ಎಂಟನ್ನು ಕರೆಸಿ, "ನಿಮಗೆ ಈ ವಿಷಯ ಯಾರು ಹೇಳಿದ್ದು?" ಎಂದು ಕೇಳಿದರು. ಪಕ್ಕದಲ್ಲೇ ಅತ್ತೆ ನಿಂತಿದ್ದರು. ಎಂಟು ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. "ಯಾರೂ ಹೇಳಿಲ್ಲ ಸರ್. ಗಂಡು ಎಂಥವನು ಅಂತ ನಮ್ಮಣ್ಣ ಹೋಗಿ ವಿಚಾರಿಸ್ಕೊಂಡು ಬಂದ. ಅದೂ ತಪ್ಪಾ?" ಎಂದಳು. ವಿಚಾರಣೆ ಅಲ್ಲಿಗೇ ಮುಗಿಯಿತು. ಅತ್ತೆಯ ಕೆಲಸ ಉಳಿಯಿತು.

ಹೊರಗೆ ವರಾಂಡದಲ್ಲಿ ಅತ್ತೆ ಅವಳ ಕೈ ಹಿಡಿಯಹೋದರೆ, ಎಂಟು ಕೈ ಕೊಸರಿಕೊಂಡು ಹೋದಳು. ತಿಂಗಳೊಳಗೆ ನೂರು ಮೈಲಿ ಆಚೆಯ ಎಕ್ಸ್‌ಚೇಂಜಿಗೆ ವರ್ಗವಾಗಿ ಹೊರಟೂ ಹೋದಳು. ತನ್ನ ಮುಖ ನೋಡಲಾರದೆ ಊರನ್ನೇ ಬಿಟ್ಟಳೆಂದು ಅತ್ತೆ ತಿಳಿದರು.

ಊರು ಬಿಟ್ಟರೂ ಲೈನು ಬಿಡಬೇಕಲ್ಲ! ಎರಡು ಎಕ್ಸ್‌ಚೇಂಜಿನ ಆಪರೇಟರುಗಳು ದಿನಕ್ಕೆ ಹತ್ತಾರು ಸಲ ಪರಸ್ಪರ ಮಾತಾಡಲೇಬೇಕು. ದೀಪ ಹೊತ್ತಿಕೊಂಡರೆ ಆ ಕಡೆ ಎಂಟಿನ ದನಿ. "ಇನ್ನೂರ ನಲವತ್ತು ಕೊಡಿ." "ಕೊಟ್ಟೆ, ಮಾತಾಡಿಸಿ." "ಮುಗಿಯಿತು, ತೆಗೆಯಿರಿ." ಒಂದೇ ಡಬ್ಬಿಯಲ್ಲಿ ಉಂಡವರ ನಡುವೆ 'ಕೊಡಿ', 'ತೆಗೆಯಿರಿ'. ಹೀಗೆ ನಾಲ್ಕು ವರ್ಷ. ಬರಿಯ ನಂಬರು. ಆ ನಡುವೆ ಅತ್ತೆಗೆ ಮದುವೆಯಾಯಿತು. ನಮ್ಮ ಮಾವ ನಕ್ಷೆ ಬರೆಯುವ ಆಫೀಸಿನಲ್ಲಿದ್ದವರು, ಸಾಧು ಮನುಷ್ಯ. ಮದುವೆಗೆ ಕರೆದು ಬರೆದ ಕಾಗದಕ್ಕೆ ಎಂಟು ಉತ್ತರ ಕೊಡಲಿಲ್ಲ.

ನನ್ನ ಗಂಡ ಹುಟ್ಟಿದ ಮೇಲೆ, ಮೂರು ತಿಂಗಳ ರಜೆ ಮುಗಿಸಿ ಅತ್ತೆ ಮತ್ತೆ ಬೋರ್ಡಿನ ಮುಂದೆ ಕೂತ ಮೊದಲ ದಿನ. ದೀಪ ಹೊತ್ತಿಕೊಂಡಿತು.

"ಹೇಳಿ, ಯಾರು ಬೇಕಿತ್ತು?"

ಆ ಕಡೆಯಿಂದ ನಂಬರು ಬರಲಿಲ್ಲ. ಬಂದದ್ದು, "ಹೆಣ್ಣೋ ಗಂಡೋ?"

"ಗಂಡು."

"ನಿದ್ದೆ ಮಾಡೋಕೆ ಬಿಡ್ತಾನಾ?"

"ಎಲ್ಲಿ ಬಿಡ್ತಾನೆ?"

"ಹ್ಞೂಂ. ದನಿ ಕೇಳಿದ್ರೇ ಗೊತ್ತಾಗುತ್ತೆ. ಮುನ್ನೂರ ಹನ್ನೆರಡು ಕೊಡು."

'ಕೊಡಿ' ಅಲ್ಲ, 'ಕೊಡು'. ಈ ಜಾಗಕ್ಕೆ ಬಂದಾಗಲೆಲ್ಲ ಅತ್ತೆ ನನಗೆ ಎರಡೆರಡು ಸಲ ಹೇಳುತ್ತಾರೆ: "ಕೊಡು ಅಂದ್ಲು ಕಣೇ." ಅವತ್ತು ಅವರು ಮುನ್ನೂರ ಹನ್ನೆರಡರ ಬದಲು ಮುನ್ನೂರ ಇಪ್ಪತ್ತೊಂದಕ್ಕೆ ಚುಚ್ಚಿ, ಯಾವನೋ ಡಾಕ್ಟರಿಂದ ಬೈಸಿಕೊಂಡರು.

ಆಮೇಲಿನದು ಸಲೀಸು. ಎಂಟು ಮೂವತ್ತಮೂರನೆಯ ವಯಸ್ಸಿಗೆ, ಎಕ್ಸ್‌ಚೇಂಜಿನ ಬ್ಯಾಟರಿಗಳನ್ನು ನೋಡಿಕೊಳ್ಳುತ್ತಿದ್ದ, ಮಾತೇ ಆಡದ ಒಬ್ಬ ಒಳ್ಳೆಯ ಮನುಷ್ಯನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಪ್ರತಿ ಬೇಸಿಗೆ ಇಬ್ಬರೂ ಇಲ್ಲಿಗೆ ಬರುತ್ತಿದ್ದರು. ನನ್ನ ಗಂಡ ಅವರನ್ನು 'ಎಂಟು ಚಿಕ್ಕಮ್ಮ' ಎನ್ನುತ್ತಿದ್ದುದರಿಂದ, ಶಾಲೆಯ ಟೀಚರು ಇವನಿಗೆ ನಿಜವಾಗಿಯೂ ಎಂಟು ಜನ ಚಿಕ್ಕಮ್ಮಂದಿರೆಂದು ಬಹಳ ಕಾಲ ನಂಬಿದ್ದರು. ಬೋರ್ಡುಗಳು ಹೋಗಿ ಜನ ತಾವೇ ನಂಬರು ತಿರುಗಿಸುವ ಕಾಲ ಬಂತು. ಇಬ್ಬರೂ ಬೇರೆ ಮೇಜುಗಳಿಗೆ ಹೋದರು, ನಿವೃತ್ತರಾದರು, ಇಬ್ಬರ ಗಂಡಂದಿರೂ ತೀರಿಕೊಂಡರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಫೋನು ಮಾತ್ರ ನಿಲ್ಲಲಿಲ್ಲ. ಆ ಅರ್ಧ ಗಂಟೆ ಮನೆಯಲ್ಲಿ ಮಿಕ್ಸಿ ತಿರುಗಿಸುವಂತಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಎಂಟು ಚಿಕ್ಕಮ್ಮ ಫೋನ್ ಎತ್ತಲಿಲ್ಲ. ಅದರ ಮುಂದಿನ ಭಾನುವಾರ ಅವರ ಅಣ್ಣನ ಮಗಳು ಎತ್ತಿ, "ಅತ್ತೆ ಮಲಗಿದಾರೆ" ಎಂದಳು. ಅವರಿದ್ದುದು ಅವಳ ಜೊತೆಯಲ್ಲೇ. ಮೂರನೆಯ ವಾರ "ಸ್ನಾನಕ್ಕೆ ಹೋಗಿದಾರೆ." ನಮ್ಮ ಅತ್ತೆ ಊಟ ಬಿಟ್ಟವರಂತೆಯೇ ಆದರು. ಹೋದ ಸಲ ಏನೇನು ಮಾತಾಡಿದೆನೆಂದು ನನ್ನೆದುರು ಒಂದೊಂದೇ ಮಾತು ತೆಗೆದು ಪರೀಕ್ಷೆ ಮಾಡಿದರು.

"ಅವಳ ಮಂಡಿನೋವಿಗೆ ತೂಕ ಇಳಿಸು ಅಂದೆ. ಅದಕ್ಕೇನಾದ್ರೂ ಬೇಜಾರು ಮಾಡ್ಕೊಂಡ್ಲಾ?"

"ಅಷ್ಟಕ್ಕೆಲ್ಲ ಯಾರು ಬೇಜಾರು ಮಾಡ್ಕೋತಾರೆ ಅತ್ತೆ?"

"ನಿನಗೆ ಗೊತ್ತಿಲ್ಲ. ಅವಳು ಒಂದು ಸಲ ನಾಲ್ಕು ವರ್ಷ ಮಾತು ಬಿಟ್ಟವಳು. ಈ ಸಲ ನಾಲ್ಕು ವರ್ಷ ಕಾಯೋಕೆ ನನ್ನ ಹತ್ರ ಆಯಸ್ಸು ಇದೆಯಾ?"

ಅವತ್ತೇ ನನಗೆ ಆ ಕಥೆಯೆಲ್ಲ ತಿಳಿದದ್ದು. ತರಕಾರಿ ಹೆಚ್ಚುತ್ತ ಕೇಳಿದೆ. ಮುಗಿಯುವ ಹೊತ್ತಿಗೆ ಒಂದು ವಾರಕ್ಕಾಗುವಷ್ಟು ಹುರುಳಿಕಾಯಿ ಹೆಚ್ಚಿಟ್ಟಿದ್ದೆ. "ನಡೀರಿ, ಹೋಗಿ ನೋಡ್ಕೊಂಡು ಬರೋಣ" ಎಂದೆ. ಮರುದಿನ ಬೆಳಗ್ಗೆ ಆರೂವರೆಯ ಬಸ್ಸು ಹತ್ತಿದೆವು.

ಬಾಗಿಲು ತೆರೆದದ್ದು ಅಣ್ಣನ ಮಗಳು. ಒಳಗೆ ಎಂಟು ಚಿಕ್ಕಮ್ಮ ಕಿಟಕಿಯ ಬಳಿ ಬೆನ್ನು ಮಾಡಿ ಕೂತು ಬಟ್ಟೆ ಮಡಿಸುತ್ತಿದ್ದರು. ಅತ್ತೆ ಹೊಸಿಲಲ್ಲೇ ನಿಂತು "ಎಂಟೂ" ಎಂದರು. ಚಿಕ್ಕಮ್ಮ ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ತಿರುಗಲಿಲ್ಲ. ಅತ್ತೆ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಎರಡು ದಿನ ಗುರುತು ಹೋಗಲಿಲ್ಲ.

ಅಣ್ಣನ ಮಗಳು ಮೆಲ್ಲಗೆ ಹೇಳಿದಳು, "ಕಿವಿ ಪೂರ್ತಿ ಹೋಗಿದೆ. ಆಪರೇಟರ್ ಆಗಿದ್ದವಳಿಗೆ ಫೋನ್ ಕೇಳಿಸಲ್ಲ ಅಂತ ನಿಮಗೆ ಹೇಳಬೇಡ ಅಂದ್ರು. ನಾನೇನು ಮಾಡಲಿ?"

ಅತ್ತೆ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಗೆಳತಿಯ ಮುಂದೆ ನಿಂತರು. ಚಿಕ್ಕಮ್ಮ ಮುಖವೆತ್ತಿ ನೋಡಿ, ಮಡಿಸಿದ ಬಟ್ಟೆಯನ್ನೆಲ್ಲ ನೆಲಕ್ಕೆ ಬೀಳಿಸಿ ಎದ್ದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೇ ಇದ್ದರು. ಆಮೇಲೆ ಅತ್ತೆ ಅವರ ಬೆನ್ನಿಗೆ ಒಂದು ಗುದ್ದಿದರು. "ಕಿವುಡಾದ್ರೆ ಕಿವುಡಾದೆ ಅಂತ ಹೇಳೋಕೇನಾಗಿತ್ತು ನಿನಗೆ?"

"ಏನು?"

"ಏನೂ ಇಲ್ಲ!"

"ಕೇಳಿಸ್ತಾ ಇಲ್ಲ ಕಣೇ, ಜೋರಾಗಿ ಹೇಳು!"

ಕಾಫಿ ಬಂತು, ಊಟ ಆಯಿತು. ಊಟವಾದ ಮೇಲೆ ಅತ್ತೆ ಗೆಳತಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಏನನ್ನೋ ಒಳಗೇ ತಿರುವಿ ಹಾಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಐವತ್ತು ವರ್ಷದಲ್ಲಿ ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಎತ್ತುವ ಹೊತ್ತಿಗೆ ಪಿಸುಮಾತಿನಲ್ಲಿ ಕೇಳುವ ಹಾಗೂ ಇರಲಿಲ್ಲ. ಅತ್ತೆ ಅವರ ಕಿವಿಯ ಬಳಿ ಬಾಯಿಟ್ಟು ಕೂಗಿದರು:

"ಅವತ್ತು ನಾನು ಹೇಳಿದ್ದು ತಪ್ಪಾ?"

"ಯಾವತ್ತು?"

"ನಿನ್ನ ಮದುವೆ ನಿಂತಾಗ! ಆ ಬೆಣ್ಣೆ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳೂ ಕೈ ನಿಲ್ಲಿಸಿ ಈ ಕಡೆ ನೋಡಿದಳು.

ಚಿಕ್ಕಮ್ಮ ಮಾತ್ರ ಮೆಲ್ಲನೆಯ ದನಿಯಲ್ಲೇ ಹೇಳಿದರು. "ಹೇಳಿದ್ದಕ್ಕೆ ನನಗೆ ಯಾವತ್ತೂ ಕೋಪ ಇರಲಿಲ್ಲ ಕಣೇ. ಸೋಮವಾರ ಕೇಳಿಸ್ಕೊಂಡೆ ಅಂದೆಯಲ್ಲ, ಅದಕ್ಕೆ. ಮಂಗಳವಾರ ನಾನು ಎಕ್ಸ್‌ಚೇಂಜಿಗೆ ಬಂದಿದ್ದೆ. ಮದುವೆ ಆದ್ಮೇಲೆ ಕೆಲಸ ಬೇಡ ಅಂತ ಅವನು ಅಂದಿದ್ದ, ರಾಜೀನಾಮೆ ಕೊಡೋಕೆ ಬಂದಿದ್ದೆ. ಬಾಗಿಲಲ್ಲಿ ನಿಂತು ನಿನಗೆ ಕೈ ಬೀಸಿದೆ. ನೀನೂ ಬೀಸಿದೆ. ನಕ್ಕೆ ಬೇರೆ. ನೆನಪಿದೆಯಾ?"

ಅತ್ತೆ ತಲೆಯಾಡಿಸಿದರು. ನೆನಪಿತ್ತು.

"ಅವತ್ತು ನೀನು ಎದ್ದು ಬಂದು ಒಂದು ಮಾತು ಹೇಳಿದ್ದಿದ್ರೆ ನಾನು ಆ ಕಾಗದ ಕೊಡ್ತಿರಲಿಲ್ಲ. ಆಮೇಲೆ ಅದನ್ನ ವಾಪಸ್ ಕೇಳೋಕೆ ಹೋದೆ. ಇದೇನು ಹುಡುಗಾಟಾನಾ ಅಂತ ಆ ಅಧಿಕಾರಿ ದೊಡ್ಡಕ್ಕನ ಮುಂದೆ ಅಂದ. ಇಲ್ಲಿ ನಿನ್ನ ಜಾಗಕ್ಕೆ ಬೇರೆಯವರು ಬಂದಾಯ್ತು, ಕೆಲಸ ಬೇಕಿದ್ರೆ ಆ ಊರಿಗೆ ಹೋಗು ಅಂದ. ಹೋದೆ. ಅವರಿಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳ್ಬೇಡಿ ಅಂತ ಕೈ ಮುಗಿದಿದ್ದೆ."

"ನನ್ನ ಮುಖ ನೋಡಬಾರದು ಅಂತ ಹೋದೆ ಅಂದ್ಕೊಂಡಿದ್ದೆ" ಎಂದರು ಅತ್ತೆ, ಕೂಗುವುದನ್ನು ಮರೆತು. ಚಿಕ್ಕಮ್ಮನಿಗೆ ಅದು ಹೇಗೆ ಕೇಳಿಸಿತೋ, ತುಟಿ ನೋಡಿ ಅರ್ಥಮಾಡಿಕೊಂಡರೋ.

"ನಿನ್ನ ಮುಖ ನೋಡದೇ ಇರೋಕೆ ಆಗದೇ ಅತ್ತಿದೀನಿ ಆ ಊರಲ್ಲಿ" ಎಂದರು. "ಆದ್ರೆ ಹೊಟ್ಟೆಕಿಚ್ಚು ಅಂದೆನಲ್ಲ ನಾನು, ಆ ಮಾತು... ಅದಕ್ಕೆ ಏನು ಮಾಡ್ಲಿ ಅಂತ ಇವತ್ತಿಗೂ ಗೊತ್ತಾಗಿಲ್ಲ. ನಾಲ್ಕು ವರ್ಷ ಸುಮ್ನಿದ್ದಿದ್ದು ಕೋಪಕ್ಕಲ್ಲ. ನಾಚಿಕೆಗೆ."

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಅಣ್ಣನ ಮಗಳು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಒಳಗಿನಿಂದ ಅತ್ತೆ ಕೂಗಿದ್ದು ಕೇಳಿಸಿತು: "ಆ ಅಧಿಕಾರಿ ಈಗ ಬದುಕಿದಾನಾ?" "ಸತ್ತು ಹದಿನೈದು ವರ್ಷ ಆಯ್ತು." "ಬಿಡು ಹಾಗಾದ್ರೆ."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಹಳ ದೂರ ಕಿಟಕಿಯಾಚೆ ನೋಡುತ್ತ ಕೂತಿದ್ದರು. "ಹೇಳಿ ತಪ್ಪು ಮಾಡಿದ್ನೇನೋ ಅಂತ ಇಷ್ಟು ವರ್ಷ ಕೊರಗಿದೆ" ಎಂದರು ಕೊನೆಗೆ. "ತಡ ಮಾಡಿದ್ದು ತಪ್ಪು ಅಂತ ಒಂದು ದಿನಾನೂ ಹೊಳೀಲಿಲ್ಲ ನೋಡು." ಅವರ ಮುಖ ದುಃಖದ್ದಾಗಿರಲಿಲ್ಲ. ಬಹಳ ದಿನದಿಂದ ಬಿಗಿಯಾಗಿದ್ದ ಚಪ್ಪಲಿಯನ್ನು ಬಿಚ್ಚಿಟ್ಟವರ ಮುಖದಂತಿತ್ತು.

ಈಗ ಚಿಕ್ಕಮ್ಮ ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದಾರೆ. ಮೊದಲು ಖಡಾಖಂಡಿತ ಬೇಡವೆಂದರು. "ಮೂವತ್ತು ವರ್ಷ ಕಿವಿಗೆ ಸಿಕ್ಕಿಸ್ಕೊಂಡೇ ಕೂತಿದ್ದೆ, ಇನ್ನೂ ಸಾಲದಾ?" ಎಂದರು. ಅತ್ತೆಯೇ ಜೊತೆಗೆ ಹೋಗಿ ಡಾಕ್ಟರ ಮುಂದೆ ಕೂರಿಸಿದರು. ಅದನ್ನು ಹಾಕಿಕೊಂಡರೂ ಫೋನಿನಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಹಾಗಾಗಿ ಎರಡು ತಿಂಗಳಿಗೊಮ್ಮೆ ಒಂದು ಸಲ ಇವರು ಅಲ್ಲಿಗೆ, ಒಂದು ಸಲ ಅವರು ಇಲ್ಲಿಗೆ. ಬಂದವರು ನಾಲ್ಕು ದಿನ ಇರುತ್ತಾರೆ. ಮೂರನೆಯ ದಿನಕ್ಕೆ ಜಗಳ ಗ್ಯಾರಂಟಿ. ಅತ್ತೆ ತಲೆ ತಿನ್ನಲು ಶುರುಮಾಡಿದರೆ ಚಿಕ್ಕಮ್ಮ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು ಪೇಪರು ಓದುತ್ತಾರೆ.

ಹೋದ ತಿಂಗಳು ಚಿಕ್ಕಮ್ಮ ಇಲ್ಲಿಗೆ ಬಂದಿದ್ದರು. ಹೊರಡುವ ದಿನ ಬೆಳಗ್ಗೆ ಚೀಲ ತುಂಬಿ ನಿಂತರೆ ಒಂದು ಕಾಲಿನ ಚಪ್ಪಲಿ ಇಲ್ಲ. ಮಂಚದ ಕೆಳಗೆ, ಬಾಗಿಲ ಹಿಂದೆ, ಎಲ್ಲ ಕಡೆ ಹುಡುಕಿದೆವು. ನನ್ನ ಗಂಡ ಬೀದಿನಾಯಿಯ ಮೇಲೆ ಅನುಮಾನಪಟ್ಟು ಗೇಟಿನಾಚೆ ಹೋಗಿ ನೋಡಿ ಬಂದರು. ಅತ್ತೆಯೂ ಎಲ್ಲರಿಗಿಂತ ಹೆಚ್ಚು ಮುತುವರ್ಜಿಯಿಂದ ಹುಡುಕುತ್ತಿದ್ದರು. ಒಂಬತ್ತರ ಬಸ್ಸು ತಪ್ಪಿತು. "ಇರಲಿ ಬಿಡು, ಸೋಮವಾರ ಹೋದ್ರಾಯ್ತು" ಎಂದು ಚಿಕ್ಕಮ್ಮ ಚೀಲ ಕೆಳಗಿಟ್ಟರು. ಮಧ್ಯಾಹ್ನ ಮಹಡಿಯಲ್ಲಿ ಬಟ್ಟೆ ತೆಗೆಯಲು ಹೋದಾಗ ನೀರಿನ ತೊಟ್ಟಿಯ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಚಪ್ಪಲಿ ಸಿಕ್ಕಿತು. ಈ ವಯಸ್ಸಿನಲ್ಲಿ ಅತ್ತೆ ಅಷ್ಟು ಮೆಟ್ಟಿಲು ಯಾವಾಗ ಹತ್ತಿ ಇಳಿದರೋ! ನಾನು ಅದನ್ನು ಇದ್ದ ಹಾಗೆಯೇ ಅಲ್ಲೇ ಇಟ್ಟು, ಒಣಗಿದ ಬಟ್ಟೆ ತೆಗೆದುಕೊಂಡು ಕೆಳಗೆ ಬಂದೆ.